ಬಲಿಪೀಠದಿಂದ ಅಡುಗೆಮನೆಗೆ

ಭಾನುವಾರದ ಪೂಜೆ ಮುಗಿಯಿತು; ಉಳಿದ ಆರು ದಿನ ದೇವರಿಗೆ ಸೇರಿದ್ದೋ ಅಲ್ಲವೋ? ಕ್ರೈಸ್ತ ಚಿಂತನೆ ಈ ಪ್ರಶ್ನೆಯನ್ನು ಮೊದಲಿನಿಂದಲೂ ಬಿಟ್ಟಿಲ್ಲ. ನಿಮ್ಮ ದೇಹವನ್ನೇ ಜೀವಂತ ಬಲಿಯಾಗಿ ಒಪ್ಪಿಸಿ ಎಂದು ಸಂತ ಪೌಲ ರೋಮಿನ ಸಭೆಗೆ ಬರೆದ. ಹಾಗಾದರೆ ಉಣ್ಣುವುದು, ದುಡಿಯುವುದು, ಮಲಗುವುದು ಎಲ್ಲವೂ ಆರಾಧನೆಯೇ ಆಗಬೇಕು.

ಇದನ್ನು ಮೊದಲು ಬದುಕಿ ನೋಡಿದವರು ಈಜಿಪ್ಟಿನ ಮರುಭೂಮಿಯ ತಪಸ್ವಿಗಳು. ಸಂತ ಅಂತೋಣಿಗೆ ಒಮ್ಮೆ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲವಂತೆ. ಹೊರಗೆ ಬಂದು ನೋಡಿದರೆ ಅವನಂತೆಯೇ ಇದ್ದ ಒಬ್ಬ ಕೂತು ಹಗ್ಗ ಹೊಸೆಯುತ್ತಾನೆ, ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಹೊಸೆಯಲು ಕೂರುತ್ತಾನೆ. ಬಂದವನು ದೇವದೂತ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಇದನ್ನೇ ಮಠದ ನಿಯಮವಾಗಿಸಿದ. ಆ ನಿಯಮಾವಳಿಯ 31ನೇ ಅಧ್ಯಾಯ ಉಗ್ರಾಣಿಯನ್ನು ಕುರಿತದ್ದು: ಮಠದ ಪಾತ್ರೆಪಗಡಗಳನ್ನೆಲ್ಲ ಅವನು ಬಲಿಪೀಠದ ಪಾತ್ರೆಗಳಂತೆ ಕಾಣಬೇಕು. ದೊಡ್ಡ ದೊಡ್ಡ ಗ್ರಂಥಗಳಿಗಿಂತ ಈ ಒಂದು ಮಾತು ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಆದರೆ ಆ ಪಾವಿತ್ರ್ಯ ಮಠದ ಗೋಡೆ ದಾಟಲು ಬಹುಕಾಲ ಹಿಡಿಯಿತು. ಸನ್ಯಾಸಿ ಮೇಲು, ಸಂಸಾರಿ ಕೆಳಗೆ ಎಂಬ ಭಾವನೆ ಬೇರೂರಿತ್ತು. 1520ರಲ್ಲಿ ಮಾರ್ಟಿನ್ ಲೂಥರ್ ಅದಕ್ಕೆ ಕೊಡಲಿ ಹಾಕಿದ: ದೀಕ್ಷಾಸ್ನಾನ ಪಡೆದ ಚಮ್ಮಾರನೂ ಕಮ್ಮಾರನೂ ಯಾಜಕರೇ. ಅದೇ ಶತಮಾನದಲ್ಲಿ ಸ್ಪೇನಿನ ಆವಿಲಾದ ತೆರೇಸಾ, ದೇವರು ಅಡುಗೆ ಪಾತ್ರೆಗಳ ನಡುವೆಯೂ ಓಡಾಡುತ್ತಾನೆಂದು ತನ್ನ ಮಠದ ಸೋದರಿಯರಿಗೆ ಹೇಳಿದಳು. ಮುಂದೆ ಪ್ಯಾರಿಸ್ಸಿನ ಮಠವೊಂದರಲ್ಲಿ ಬ್ರದರ್ ಲಾರೆನ್ಸ್ ಅಡುಗೆ ಮಾಡುತ್ತ, ವಯಸ್ಸಾದ ಮೇಲೆ ಚಪ್ಪಲಿ ಹೊಲಿಯುತ್ತ ಇದನ್ನು ಬದುಕಿ ತೋರಿಸಿದ. ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ದೇವರ ಮೇಲಿನ ಪ್ರೀತಿಯಿಂದ ಎತ್ತಿದರೆ ಅವನಿಗೆ ಅಷ್ಟೇ ಸಾಕಿತ್ತು. 1691ರಲ್ಲಿ ಅವನು ತೀರಿಕೊಂಡ ಮೇಲೆ ಪ್ರಕಟವಾದ ಅವನ ಮಾತು, ಪತ್ರಗಳನ್ನು ಪ್ರಾಟೆಸ್ಟೆಂಟರೂ ಕ್ಯಾಥೊಲಿಕರೂ ಓದುತ್ತ ಬಂದಿದ್ದಾರೆ.

ನಮ್ಮ ಕರಾವಳಿಯಲ್ಲೂ ಈ ವಿಚಾರದ ಪ್ರತಿಧ್ವನಿ ಕೇಳಿಸಿತು. 1834ರಲ್ಲಿ ಮಂಗಳೂರಿಗೆ ಬಂದ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ದುಡಿಮೆಯನ್ನು ಭಕ್ತಿಯ ಭಾಗವೆಂದೇ ನಂಬಿತ್ತು. ಮತಾಂತರವಾಗಿ ಕುಲಕಸುಬು ಕಳೆದುಕೊಂಡವರಿಗಾಗಿ ನೇಯ್ಗೆ ಶುರುವಾಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಅದು ಅನೇಕ ಮನೆಗಳ ಒಲೆ ಉರಿಸಿತು, ನಿಜ. ಆದರೂ ಕಾರ್ಖಾನೆಯ ಶಿಸ್ತನ್ನೇ ಆರಾಧನೆ ಎನ್ನಲು ನಾನು ಹಿಂಜರಿಯುತ್ತೇನೆ. ಬಲಿ ತಾನಾಗಿ ಒಪ್ಪಿಸುವಂಥದು. ಹೊತ್ತಿಗೆ ಸರಿಯಾಗಿ ಹಾಜರಿ ಕೇಳುವ ಕೆಲಸ ಆ ಸ್ವಾತಂತ್ರ್ಯವನ್ನು ಎಷ್ಟು ಉಳಿಸೀತು?

ದಿನನಿತ್ಯದ ಬದುಕೂ ಆರಾಧನೆಯೇ ಎಂಬ ಮಾತನ್ನು ಕ್ಯಾಥೊಲಿಕ್ ಸಭೆ ಸ್ಪಷ್ಟವಾಗಿ ಹೇಳಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯ 1964ರ ದಾಖಲೆಯಲ್ಲಿ: ಸಾಮಾನ್ಯ ವಿಶ್ವಾಸಿಗಳ ದುಡಿಮೆ, ದಾಂಪತ್ಯ, ವಿಶ್ರಾಂತಿ ಕೂಡ ಪೂಜೆಯಲ್ಲಿ ಅರ್ಪಿತವಾಗುವ ಕಾಣಿಕೆ. ಕರಾವಳಿಯ ಕ್ಯಾಥೊಲಿಕ್ ಹೆಂಗಸರಿಗೆ ಇದು ಹೊಸ ವಿಷಯವೇನಲ್ಲ. ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದ ಮೋಂತಿ ಹಬ್ಬಕ್ಕೆ ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥಿಸಿ ಮನೆಯವರಿಗೆಲ್ಲ ಹಂಚುತ್ತಾರೆ. ಇಂಥ ಅಡುಗೆಮನೆಗಳ ಆರಾಧನೆಯನ್ನು ದೇವಶಾಸ್ತ್ರದ ಪುಸ್ತಕಗಳು ಇನ್ನೂ ಸರಿಯಾಗಿ ಬರೆದುಕೊಂಡಿಲ್ಲ.