ಮದರಂಗಿಯ ಕೆಂಪು

ಮದುವೆಯ ಮುನ್ನಾದಿನ ಪುತ್ತೂರು, ಸುಳ್ಯ, ಕಡಬ ಸೀಮೆಯ ಗೌಡರ ಮನೆಗೆ ತಾವು ಹೋದರೆ ಮದರಂಗಿ ಶಾಸ್ತ್ರವನ್ನು ಕಾಣುವಿರಿ. ನಮ್ಮ ಕಡೆಯ ಗೋರಂಟಿಯೇ ಅಲ್ಲಿಯ ಮದರಂಗಿ. ವಧುವಿಗೆ ಮಾತ್ರವಲ್ಲ, ವರನಿಗೂ ಅವನ ಮನೆಯಲ್ಲಿ ಹಚ್ಚುವರು.

ಈ ಸೀಮೆ ನಮಗೆ ಅನ್ಯವಲ್ಲ. ಸುಳ್ಯ, ಬೆಳ್ಳಾರೆಗಳ ನೆಲವು ವೀರಶೈವರಾದ ಹಾಲೇರಿ ಅರಸರ ಕೊಡಗಿಗೆ ಸೇರಿತ್ತು. 1834ರಲ್ಲಿ ಕುಂಪಣಿ ಸರ್ಕಾರವು ಕೊಡಗನ್ನು ವಶಪಡಿಸಿಕೊಂಡು ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿತು. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆಯೆದ್ದ ರೈತರು ಮೊದಲು ಒಟ್ಟುಗೂಡಿದ್ದು ಮದುವೆಯ ನೆಪದಲ್ಲಿಯೇ ಎಂದು ಅಲ್ಲಿಯವರು ಹೇಳುತ್ತಾರೆ. ಮದುವೆಯೆಂದರೆ ಊರೇ ನೆರೆಯುವ ಕಾರ್ಯವಾದುದರಿಂದ ಯಾರಿಗೂ ಸಂಶಯ ಬಾರದು.

ಮದರಂಗಿಯೂ ಅಂತಹುದೇ. ಹಿತ್ತಲಿನ ಸೊಪ್ಪನ್ನು ಒಬ್ಬರು ಕೊಯ್ದು, ಒಬ್ಬರು ಕಲ್ಲಿನ ಮೇಲೆ ಅರೆದು, ಮತ್ತೊಬ್ಬರು ಹಚ್ಚಿದರೆ ಅದು ಶಾಸ್ತ್ರ. ಎಲ್ಲರ ಕೈಯೂ ಕೂಡಿದೆ ಎಂಬುದೇ ಅದರ ಅರ್ಥ.

ಹೀಗಿರುವಾಗ, ಗಂಡನಿಲ್ಲದವಳೆಂದು ಹೆತ್ತ ತಾಯಿಯನ್ನೇ ಮಗಳ ಶಾಸ್ತ್ರದಿಂದ ದೂರವಿರಿಸುವ ರೂಢಿ ಅನೇಕ ಮನೆಗಳಲ್ಲಿ ಉಳಿದಿರುವುದು ಸರಿಯೇ? ಸೂತಕಗಳನ್ನೇ ನಿರಾಕರಿಸಿದ ಶರಣರ ಮಕ್ಕಳು ನಾವು. ಇಷ್ಟಲಿಂಗವನ್ನು ಧರಿಸುವ ಅಂಗೈ ನಮಗೆ ಕರಸ್ಥಲ. ಸಾಕಿ ಸಲಹಿದ ತಾಯಿಯ ಕೈ ಅದಕ್ಕೆ ಅಮಂಗಳವಾದೀತೇ? ಮದರಂಗಿಯ ಬಣ್ಣ ಒಂದೆರಡು ವಾರಗಳಲ್ಲಿ ಮಾಸುತ್ತದೆ. ಆ ತಾಯಿಯ ನೋವು ಮಾಸದು. ನಿಮ್ಮ ಮನೆಯ ಮುಂದಿನ ಮದುವೆಯಲ್ಲಿ ಮೊದಲ ಬೊಟ್ಟನ್ನು ಆಕೆಯೇ ಇಡಲಿ.