ಮುಲ್ಕಿಯ ಮಾರ್ಕು, ನವೋದಯದ ನಂಬರು

ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಹಳೇ ತಲೆಮಾರಿನ ಹಿರಿಯರು ಎದೆಯುಬ್ಬಿಸಿ ಹೇಳುತ್ತಿದ್ದ ಮಾತೊಂದಿತ್ತು: “ನಾ ಮುಲ್ಕಿ ಪಾಸ್ ಆದಾಂವ ನೋಡಪಾ!” ಏಳನೇ ಇಯತ್ತೆ ಪಾಸಾಗೋದು ಅಂಥಾ ದೊಡ್ಡ ಸಂಗತಿಯಾ ಅಂತ ಈಗ ಅನ್ನಿಸಬಹುದು. ಆಗ ದೊಡ್ಡದೇ ಆಗಿತ್ತು.

ಧಾರವಾಡ 1956ರವರೆಗೂ ಮುಂಬೈ ಆಡಳಿತದಲ್ಲಿತ್ತಲ್ಲ, ಆಗ ಕನ್ನಡ ಏಳನೇ ಇಯತ್ತೆಯ ಕೊನೆಗೆ ಬರುತ್ತಿದ್ದ ಪರೀಕ್ಷೆಯೇ ಮುಲ್ಕಿ. ಪಾಸಾದವನಿಗೆ ಕನ್ನಡ ಸಾಲಿಯ ಮಾಸ್ತರಿಕೆ, ತಲಾಠಿ ಕೆಲಸದ ದಾರಿ ತೆರೆಯುತ್ತಿತ್ತು. ಪರೀಕ್ಷೆ ಕಠಿಣವೇ. ಆದರೆ ಪಾಸಿನ ಗೆರೆ ಎಲ್ಲರಿಗೂ ಒಂದೇ. ಅದನ್ನು ದಾಟಿದವನು ಪಾಸು. ಪಕ್ಕದ ಹುಡುಗನಿಗೆ ಹೆಚ್ಚು ಮಾರ್ಕು ಬಂದರೆ ನಿಮ್ಮ ಪಾಸೇನೂ ಹೋಗುತ್ತಿರಲಿಲ್ಲ.

ಆ ಲೆಕ್ಕಾಚಾರ ಬದಲಾಗಿದ್ದು ನವೋದಯದಿಂದ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಬಂದ ಈ ಶಾಲೆಗಳು ಜಿಲ್ಲೆಗೊಂದು. ಊಟ, ವಸತಿ, ಓದು ಪುಕ್ಕಟೆ. ಕನಿಷ್ಠ ಶೇಕಡಾ 75 ಸೀಟು ಹಳ್ಳಿಯ ಮಕ್ಕಳಿಗೆ. ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಒಕ್ಕಲುತನದ ಮನೆಗಳಿಗೆ ಇದಕ್ಕಿಂತ ಇನ್ನೇನು ಬೇಕು? ಮಳೆ ಕೈಕೊಟ್ಟ ವರ್ಷವೂ ಮಗುವಿನ ಓದು ನಿಲ್ಲೋದಿಲ್ಲ.

ಆದರೆ ಆರನೇ ತರಗತಿಗೆ ಇರೋದು 80 ಸೀಟು. 100 ಅಂಕದ ಪರೀಕ್ಷೆ, ಬರೆಯಲು ಒಂದೇ ಅವಕಾಶ, ಮರುವರ್ಷ ಮತ್ತೆ ಕೂಡುವಂತಿಲ್ಲ. ಇಲ್ಲಿ ಪಾಸು-ಫೇಲು ಅನ್ನೋದೇ ಇಲ್ಲ, ಇರೋದು ಪಟ್ಟಿ ಮಾತ್ರ. ಚೆನ್ನಾಗಿ ಬರೆದ ಮಗುವೂ ಅದರಿಂದ ಹೊರಗುಳಿಯಬಹುದು. ಆದರೂ ಫಲಿತಾಂಶ ಬಂದ ದಿನ ಊರಲ್ಲಿ ಕೇಳೋದು ಒಂದೇ ಪ್ರಶ್ನೆ: “ನಂಬರ್ ಹತ್ತೇತೇನು?” ಇಲ್ಲ ಅಂದರೆ ಹತ್ತು-ಹನ್ನೊಂದು ವರ್ಷದ ಕೂಸು ‘ಫೇಲಾದಾಂವ’. ಮುಲ್ಕಿ ಕಾಲದ ಶಬ್ದವನ್ನು ನಾವು ಬೇರೆಯದೇ ಆಟಕ್ಕೆ ಅಂಟಿಸಿಬಿಟ್ಟಿದ್ದೇವೆ.

ಇದರ ಪೆಟ್ಟು ಮುಂದೆಯೂ ಬೀಳುತ್ತದೆ. ನವೋದಯ ತಪ್ಪಿದರೆ ಹುಬ್ಬಳ್ಳಿಯದೋ ಧಾರವಾಡದ್ದೋ ಖಾಸಗಿ ಶಾಲೆ ನೋಡುವವರುಂಟು. ಅಲ್ಲಿ ‘ಟೆಸ್ಟ್ ಐತಿ, ಇಂಟರ್‌ವ್ಯೂ ಐತಿ’ ಅಂದರೆ ಹಳ್ಳಿಯ ತಂದೆ ಮೊದಲೇ ಕುಗ್ಗಿ ಕೂತಿರುತ್ತಾನೆ, ಮರುಮಾತಾಡದೆ ಎದ್ದು ಬರುತ್ತಾನೆ. ಅವನಿಗೆ ಒಂದು ವಿಷಯ ಯಾರೂ ಹೇಳಿರೋದಿಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಸ್ಪಷ್ಟವಾಗಿದೆ. ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ, ತಂದೆ-ತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಅರ್ಜಿ ಹೆಚ್ಚಾದರೆ ಚೀಟಿ ಎತ್ತಬೇಕು. ತಪ್ಪಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ. ಈ ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿವರೆಗೆ. ನವೋದಯದ ಆಯ್ಕೆ ಪರೀಕ್ಷೆ ಮಾತ್ರ ವಿಶೇಷ ವರ್ಗದ ಶಾಲೆ ಅನ್ನೋ ಲೆಕ್ಕದಲ್ಲಿ ಮುಂದುವರಿಯಿತು.

ವಿಚಿತ್ರ ನೋಡಿ: ಸರ್ಕಾರಿ ಶಾಲೆಯೊಂದು ಅಂಕ ನೋಡಿ ಆರಿಸಬಹುದು, ದುಡ್ಡು ತಗೊಳ್ಳೋ ಖಾಸಗಿ ಶಾಲೆ ಆರಿಸುವಂತಿಲ್ಲ! ಇದು ಸರಿಯೋ ತಪ್ಪೋ, ಚರ್ಚೆ ಇರಲಿ. ಆದರೆ ನಮ್ಮ ಹಳ್ಳಿಗಳಲ್ಲಿ ನವೋದಯದ ಟ್ಯೂಷನ್ ಎಲ್ಲಿದೆ ಅನ್ನೋದು ಗೊತ್ತಿದ್ದಷ್ಟು ಈ 13ನೇ ಕಲಮು ಗೊತ್ತಿಲ್ಲ.

ಮುಂದಿನ ಸಲ ಪಟ್ಟಿ ಬಂದಾಗ, ಹೆಸರಿಲ್ಲದ ಮಗುವಿನ ಮನೆಗೂ ಒಮ್ಮೆ ಹೋಗಿ ಬನ್ನಿ. ಅವನು ಫೇಲಾಗಿಲ್ಲ, 80ರೊಳಗೆ ಜಾಗ ಸಿಗಲಿಲ್ಲ ಅಷ್ಟೇ ಅಂತ ಹೇಳಿ. ಅವರಪ್ಪನಿಗೆ ಆ ಕಲಮಿನ ನಂಬರನ್ನೂ ಬರೆದುಕೊಡಿ.

ನಿಮ್ಮ ಕಡೆ ಹೇಗಿದೆ?