ಸಕ್ಕರೆ ಬಟ್ಟಲಿನ ಪಾಠ

ಮಕ್ಕಳಿಗೆ ನ್ಯಾಯಯುತ ವ್ಯಾಪಾರವನ್ನು ಕಲಿಸಲು ಒಂದು ಹಳೆಯ ಸಕ್ಕರೆ ಬಟ್ಟಲು ಸಾಕು. 1791ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಒಪ್ಪದಿದ್ದಾಗ, ವೆಸ್ಟ್ ಇಂಡೀಸಿನ ಗುಲಾಮರು ದುಡಿದು ತೆಗೆದ ಸಕ್ಕರೆಯನ್ನು ಜನ ತ್ಯಜಿಸತೊಡಗಿದರು. ಅವರ ಸಂಖ್ಯೆ 3 ಲಕ್ಷವೆಂದು ಥಾಮಸ್ ಕ್ಲಾರ್ಕ್ಸನ್ ಅಂದಾಜಿಸಿದರು. 1820ರ ದಶಕದಲ್ಲಿ, 'ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ತಯಾರಿಸಿದ್ದಲ್ಲ' ಎಂದು ಬರೆದ ಬಟ್ಟಲುಗಳು ಅಲ್ಲಿನ ಮನೆಗಳಿಗೆ ಬಂದವು. ಆ ಸಕ್ಕರೆ ಹೋದದ್ದು ಭಾರತದಿಂದ. ಆದರೆ ಕಂಪನಿಯ ಆಡಳಿತದಲ್ಲಿದ್ದ ಭಾರತದಲ್ಲೂ ಗುಲಾಮಗಿರಿಯಿತ್ತು. ಅದಕ್ಕಿದ್ದ ಕಾನೂನಿನ ಮಾನ್ಯತೆ ರದ್ದಾದದ್ದು 1843ರಲ್ಲಿ.

ಆ ಜನರ ತ್ಯಾಗ ಹಿರಿದು, ನಿಜ. ಆದರೂ ಬಟ್ಟಲಿನ ಬರಹವನ್ನು ಓದಿ ತೃಪ್ತರಾಗುವುದಷ್ಟೇ ಸಾಲದು. ದುಡಿದವನಿಗೆ ಸಿಕ್ಕ ಕೂಲಿಯೆಷ್ಟು, ಅವನು ಸ್ವತಂತ್ರನೇ ಎಂದು ಕೇಳುವ ಮಗುವೇ ವಿಶ್ವದ ನಾಗರಿಕ. ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದಾಗ ಮಗುವನ್ನು ಸುಮ್ಮನಾಗಿಸದಿರಿ.